ಸೀಳುತುಟಿ ಚಿಕಿತ್ಸೆ: ತುಟಿ ಕೂಡಿದ ಮೇಲೂ ಉಳಿಯುವ ಸೀಳು

ಸೀಳುತುಟಿಯೊಡನೆ ಹುಟ್ಟಿದ ಮಗುವಿನ ಎರಡು ಭಾವಚಿತ್ರಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಿದ ಜಾಹೀರಾತನ್ನು ನೋಡದ ಓದುಗರು ವಿರಳ. ಒಂದು ಶಸ್ತ್ರಚಿಕಿತ್ಸೆಗೆ ಮೊದಲಿನದು, ಇನ್ನೊಂದು ನಂತರದ್ದು. ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯ ಬಾಲಕಿಯೊಬ್ಬಳ ಕಥೆ ಹೇಳುವ ‘ಸ್ಮೈಲ್ ಪಿಂಕಿ’ ಕಿರು ಸಾಕ್ಷ್ಯಚಿತ್ರಕ್ಕೆ 2009ರಲ್ಲಿ ಆಸ್ಕರ್ ದೊರೆತಾಗ, ಈ ಎರಡು ಚಿತ್ರಗಳ ನಡುವೆ ಇರುವುದು ಒಂದೇ ಒಂದು ಶಸ್ತ್ರಚಿಕಿತ್ಸೆ ಎಂಬ ಭಾವನೆ ಇನ್ನಷ್ಟು ಗಟ್ಟಿಯಾಯಿತು. ಹಳ್ಳಿಗಾಡಿನ ತಂದೆತಾಯಿಗಳಲ್ಲಿ ಧೈರ್ಯ ತುಂಬಿದ ಆ ಪ್ರಚಾರದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ತುಟಿ ಕೂಡಿದೊಡನೆ ಚಿಕಿತ್ಸೆ ಮುಗಿಯಿತೆಂಬ ಅದೇ ಭಾವನೆ, ಮಗುವಿಗೆ ಎಂಟೊಂಬತ್ತು ವರ್ಷವಾದಾಗ ಅಡ್ಡಿಯಾಗಿ ನಿಲ್ಲುತ್ತದೆ.

ಸುಮಾರು 700ರಿಂದ 1000 ಶಿಶುಗಳಲ್ಲಿ ಒಂದಕ್ಕೆ ಈ ನ್ಯೂನತೆ ಇರುತ್ತದೆ. ಗರ್ಭದ ಮೊದಲ ಮೂರು ತಿಂಗಳಲ್ಲಿ ಮುಖದ ಎರಡು ಪಾರ್ಶ್ವಗಳು ಬಂದು ಕೂಡಬೇಕಾದಲ್ಲಿ ಕೂಡದೆ ಉಳಿಯುವುದೇ ಸೀಳು. ಅನುವಂಶೀಯತೆ, ಪೌಷ್ಟಿಕಾಂಶಗಳ ಕೊರತೆ, ಧೂಮಪಾನ, ಮೂರ್ಛೆರೋಗದ ಕೆಲವು ಔಷಧಗಳು ಇದಕ್ಕೆ ಕಾರಣವಾಗಬಲ್ಲವು. ಹಲವು ಸಂದರ್ಭಗಳಲ್ಲಿ ನಿರ್ದಿಷ್ಟ ಕಾರಣ ತಿಳಿಯುವುದೇ ಇಲ್ಲ. ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆಯ ಮುಂದೆ ಕುಳಿತದ್ದೇ ತಪ್ಪಾಯಿತೆಂದು ಬಾಣಂತಿಯನ್ನು ದೂರುವವರು ಇಂದಿಗೂ ಇದ್ದಾರೆ. ತುಟಿ ಕೂಡುವ ಅಥವಾ ಕೂಡದಿರುವ ಆ ವಾರಗಳಲ್ಲಿ ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿಯರೆಂಬುದೇ ಖಚಿತವಾಗಿರುವುದಿಲ್ಲ.

ಚಿಕಿತ್ಸೆಯ ಕ್ರಮ ಹೀಗಿದೆ. ಅಂಗುಳ ಸೀಳಿದ ಶಿಶು ಮೊಲೆ ಚೀಪಲಾರದು. ಒಳಲೆಯಲ್ಲಿ ಹಾಲೆರೆದು ಅದರ ತೂಕ ಹೆಚ್ಚಿಸುವುದು ಮೊದಲ ಕೆಲಸ. ಮೂರರಿಂದ ಆರು ತಿಂಗಳೊಳಗೆ ತುಟಿಯ ಶಸ್ತ್ರಚಿಕಿತ್ಸೆ, ಮಾತು ಕಲಿಯುವ ಮುನ್ನ, ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲಿ, ಅಂಗುಳದ್ದು. ತಡವಾದರೆ ಉಸಿರು ಮೂಗಿಗೆ ಸೋರುವ ರೂಢಿ ಬಿದ್ದು, ‘ಅಪ್ಪ’ ಎಂದರೆ ಕೇಳುವವರಿಗೆ ‘ಅಮ್ಮ’ ಎಂಬಂತಾಗುತ್ತದೆ. ‘ಬಾ’ ಎಂಬುದು ‘ಮಾ’ ಆಗುತ್ತದೆ. ಬ್ರಿಟನ್, ಸ್ಕ್ಯಾಂಡಿನೇವಿಯಾ ಹಾಗೂ ಬ್ರೆಜಿಲ್‌ನ ಆಸ್ಪತ್ರೆಗಳಲ್ಲಿ ಅಂಗುಳವೊಂದೇ ಸೀಳಿದ್ದ 558 ಶಿಶುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಗಮನಾರ್ಹ. ಆರನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ ಐದನೆಯ ವಯಸ್ಸಿಗೆ ಮೂಗಿನಲ್ಲಿ ಉಸಿರು ಸೋರುವ ದೋಷ ಉಳಿದದ್ದು ಶೇ. 8.9ರಷ್ಟು ಮಕ್ಕಳಲ್ಲಿ, ಹನ್ನೆರಡನೆಯ ತಿಂಗಳಲ್ಲಿ ಆದವರಲ್ಲಿ ಅದು ಶೇ. 15. ಆರೇ ತಿಂಗಳ ಅಂತರ ಇಷ್ಟು ವ್ಯತ್ಯಾಸ ಮಾಡುವುದಾದರೆ, ನಾಲ್ಕೈದು ವರ್ಷ ತಡವಾಗಿ ಬಂದ ಮಗುವಿನ ಮಾತಿನ ಗತಿಯನ್ನು ಊಹಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸಂಸ್ಥೆ ನಮ್ಮಲ್ಲೇ ಇರುವುದು ಕನ್ನಡದ ಮಕ್ಕಳ ಭಾಗ್ಯ. ಆದರೆ ವಾಕ್ ಚಿಕಿತ್ಸೆ ಒಂದು ದಿನದ್ದಲ್ಲ, ಬೀದರ್‌ನಿಂದ ಮೈಸೂರು ಹತ್ತಿರವೂ ಅಲ್ಲ.

ಇಷ್ಟೆಲ್ಲ ಆದ ಮೇಲೂ ತೆರೆದೇ ಉಳಿಯುವುದು ಒಸಡಿನ ಸೀಳು. ಮೇಲ್ದವಡೆಯಲ್ಲಿ ಹಲ್ಲುಗಳನ್ನು ಹಿಡಿದಿರುವ ಮೂಳೆಯ ಅಂಚು ತುಟಿಯ ಹಿಂದೆ ತುಂಡಾಗಿಯೇ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಕಾಣದು. ಉಂಡ ಸಾರು ಆ ಸಂದಿಯಿಂದ ಮೂಗಿಗೆ ಏರುವುದುಂಟು. ಬಾಚಿಹಲ್ಲಿನ ಪಕ್ಕದ ಹಲ್ಲು ಹಲವರಲ್ಲಿ ಹುಟ್ಟುವುದೇ ಇಲ್ಲ, ಕೋರೆಹಲ್ಲು ಇಳಿದುಬರಲು ನೆಲೆಯಿಲ್ಲ, ಮೂಗಿನ ಹೊಳ್ಳೆಗೆ ಕೆಳಗಿನ ಆಧಾರವಿಲ್ಲ. ಇದಕ್ಕೆ ಪರಿಹಾರವೆಂದರೆ ಸೊಂಟದ ಮೂಳೆಯೊಳಗಿನ ಮೃದುವಾದ ಮೂಳೆಭಾಗವನ್ನು ತೆಗೆದು ಒಸಡಿನ ಸಂದಿಗೆ ತುಂಬುವ ಮೂಳೆ ಕಸಿ. 1972ರಲ್ಲಿ ಅಮೆರಿಕದ ಬಾಯ್ನ್ ಮತ್ತು ಸ್ಯಾಂಡ್ಸ್ ಮಂಡಿಸಿದ ಈ ವಿಧಾನವನ್ನು 1980ರ ದಶಕದಲ್ಲಿ ನಾರ್ವೆಯ ಆಸ್ಲೋ ತಂಡ ನೂರಾರು ಮಕ್ಕಳ ಮೇಲೆ ನಡೆಸಿ ಫಲಿತಾಂಶ ತೋರಿಸಿತು.

ಇದರ ಗುಟ್ಟೆಲ್ಲ ವಯಸ್ಸಿನಲ್ಲಿದೆ. ಸಾಮಾನ್ಯವಾಗಿ ಎಂಟರಿಂದ ಹನ್ನೊಂದು ವರ್ಷದೊಳಗೆ, ಕೋರೆಹಲ್ಲಿನ ಬೇರು ಅರ್ಧಕ್ಕಿಂತ ತುಸು ಹೆಚ್ಚು ಬೆಳೆದು ಹಲ್ಲು ಇನ್ನೂ ಹೊರಬಾರದಿರುವಾಗ ಕಸಿಯಾದರೆ, ಹಲ್ಲು ಹೊಸ ಮೂಳೆಯ ಮೂಲಕವೇ ಇಳಿದುಬಂದು ಅದನ್ನು ಗಟ್ಟಿಮಾಡುತ್ತದೆ. ಹಲ್ಲು ಹೊರಬಂದ ಮೇಲೆ ಕಸಿ ಮಾಡಬಾರದೆಂದಿಲ್ಲ, ಯಶಸ್ಸು ಮಾತ್ರ ಕುಗ್ಗುತ್ತದೆ. ಕಸಿಗೆ ಮುನ್ನ ಒಳಕ್ಕೆ ಕುಸಿದ ದವಡೆಯನ್ನು ದಂತವೈದ್ಯರು ತಿಂಗಳುಗಟ್ಟಲೆ ಅಗಲಿಸಬೇಕು, ಕಸಿಯ ನಂತರ ತಂತಿ ಬಿಗಿದು ಹಲ್ಲುಗಳನ್ನು ಸಾಲಿಗೆ ತರಬೇಕು. ಬೆಳವಣಿಗೆ ನಿಂತ ಮೇಲೆ, ಹದಿನೇಳು ಹದಿನೆಂಟರಲ್ಲಿ, ಕೆಲವರಿಗೆ ದವಡೆಯನ್ನೇ ಮುಂದಕ್ಕೆ ತರುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಪ್ರತಿ ಬಾರಿಯೂ ತಂದೆಯ ಒಂದು ದಿನದ ಕೂಲಿ, ಮಗುವಿನ ಒಂದು ದಿನದ ಶಾಲೆ ತಪ್ಪುತ್ತದೆ, ಬಸ್ಸಿನ ಖರ್ಚು ಬೇರೆ. ತುಟಿ ಸರಿಯಾಗಿರುವ ಮಗುವನ್ನು ಹಲ್ಲಿಗಾಗಿ ದೂರದ ನಗರಕ್ಕೆ ಕರೆದೊಯ್ಯುವುದು ಬಡಕುಟುಂಬಕ್ಕೆ ಚೈನಿಯಂತೆ ತೋರಿದರೆ ಆಶ್ಚರ್ಯವಿಲ್ಲ.

ಇಪ್ಪತ್ತೈದು ವರ್ಷಗಳಿಂದ ಭಾರತದಲ್ಲಿ ಕೆಲಸ ಮಾಡುತ್ತಿರುವ ಸ್ಮೈಲ್ ಟ್ರೈನ್‌ನಂಥ ಸಂಸ್ಥೆಗಳ ನೆರವಿನಿಂದ ಲಕ್ಷಾಂತರ ಶಸ್ತ್ರಚಿಕಿತ್ಸೆಗಳು ಉಚಿತವಾಗಿ ನಡೆದಿವೆ. ಈಚೆಗೆ ವಾಕ್ ಮತ್ತು ದಂತ ಚಿಕಿತ್ಸೆಗೂ ಅವು ಕೈ ಚಾಚಿವೆ. ಆದರೂ ದಾನಿಗಳಿಗೆ ಲೆಕ್ಕ ಕೊಡಲು ಶಸ್ತ್ರಚಿಕಿತ್ಸೆಯ ಸಂಖ್ಯೆ ಸುಲಭ. ಹತ್ತು ವರ್ಷ ಮಗುವಿನ ಬೆನ್ನು ಬೀಳುವ ಕೆಲಸವನ್ನು ಅಂಕಿಯಲ್ಲಿ ತೋರಿಸುವುದು ಕಷ್ಟ.

ಇಲ್ಲಿಯೇ ಸರ್ಕಾರದ ಪಾತ್ರ ಬರುವುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ಸಮಸ್ಯೆಗಳ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಸೇರಿವೆ. ಹುಟ್ಟಿನಿಂದ 18 ವರ್ಷದವರೆಗೆ ಅದರ ವ್ಯಾಪ್ತಿ. ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಬಾರಿ ಹೋಗಬೇಕೆಂಬುದು ನಿಯಮ. ಅಂದರೆ ಮೂಳೆ ಕಸಿಯ ವಯಸ್ಸಿನ ಮಗು ಮೂರನೆಯದೋ ನಾಲ್ಕನೆಯದೋ ತರಗತಿಯಲ್ಲಿ ಆ ತಂಡದ ಕಣ್ಣೆದುರೇ ಕುಳಿತಿರುತ್ತದೆ. ತುಟಿಯ ಮೇಲೆ ಹಳೆಯ ಹೊಲಿಗೆಯ ಗುರುತು ಕಂಡರೆ ‘ಚಿಕಿತ್ಸೆಯಾಗಿದೆ’ ಎಂದು ಬರೆದುಕೊಂಡು ಮುಂದೆ ಸಾಗದೆ, ಬಾಯಿ ತೆರೆಸಿ ನೋಡಿದರೆ ಅರ್ಧ ಕೆಲಸವಾದಂತೆ. ಉಳಿದರ್ಧಕ್ಕೆ ಕರ್ನಾಟಕದಲ್ಲಿ ಜನಬಲದ ಕೊರತೆಯಿಲ್ಲ. ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯವಿದು. ಅವುಗಳಲ್ಲಿ ದೊಡ್ಡ ಪಾಲು ಖಾಸಗಿ, ಬೆಂಗಳೂರು ಮಂಗಳೂರುಗಳಲ್ಲೇ ಹಲವು ನೆರೆದಿವೆ ಎಂಬುದು ಬೇರೆ ಮಾತು. ಒಂದೊಂದು ಕಾಲೇಜಿಗೆ ಒಂದೆರಡು ಜಿಲ್ಲೆಗಳ ಮಕ್ಕಳನ್ನು ವಹಿಸಿ, ಬಸ್ ಪಾಸನ್ನೂ ಪೋಷಕರ ದಿನಗೂಲಿಯನ್ನೂ ಚಿಕಿತ್ಸಾ ವೆಚ್ಚದಲ್ಲೇ ಸೇರಿಸುವುದು ಬೊಕ್ಕಸಕ್ಕೆ ಹೊರೆಯಾಗುವಷ್ಟು ದೊಡ್ಡ ಬಾಬತ್ತೇನಲ್ಲ.

ಲಸಿಕೆಯ ವಿಷಯದಲ್ಲಿ ಈ ಶಿಸ್ತು ನಮಗೆ ಹೊಸದಲ್ಲ. ಯಾವ ತಿಂಗಳಿಗೆ ಯಾವ ಚುಚ್ಚುಮದ್ದು ಎಂಬುದು ತಾಯಿ ಕಾರ್ಡಿನಲ್ಲೇ ಇರುತ್ತದೆ. ದಿನ ತಪ್ಪಿದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾರೆ. ಸೀಳುತುಟಿಯ ಮಗುವಿನ ಕಾರ್ಡಿಗೆ ಇನ್ನೊಂದು ಹಾಳೆ ಸೇರಿಸಿ, ಅದರಲ್ಲಿ ಎಂಟನೆಯ ವರ್ಷದ ಎದುರಿಗೆ ‘ಕೋರೆಹಲ್ಲಿನ ಎಕ್ಸ್‌-ರೇ’ ಎಂದು ಮೊದಲೇ ಬರೆದು ಕೊಟ್ಟರೆ, ಶಾಲೆಗೆ ಬರುವ ತಂಡದ ಮುಂದೆ ಹಿಡಿಯಲು ಆ ತಾಯಿಯ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.