ಮಂತ್ರಶಕ್ತಿಯ ಒಡೆತನವಾರದು?

1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಆಟಗಾರರು ಕಥಾಪಾತ್ರಗಳನ್ನು ವಹಿಸಿ ಆಡುವ ಆಟವು. ಅದರ ಅನೇಕ ಕಲ್ಪಿತ ಲೋಕಗಳಲ್ಲಿ ದೊಡ್ಡದೊಂದು ಅಸಂಗತಿಯುಂಟು. ಅಲ್ಲಿನ ದೇವತೋಪಾಸಕನು ಮಂತ್ರಬಲದಿಂದ ರೋಗವನ್ನು ನೀಗುವನು, ಅನ್ನೋದಕಗಳನ್ನು ಸೃಜಿಸುವನು. ಆದರೂ ಪ್ರಜೆಗಳು ಕ್ಷಾಮದಿಂದಲೂ ವ್ಯಾಧಿಯಿಂದಲೂ ಸಾಯುತ್ತಲೇ ಇರುವರು. ಇದು ಕಲ್ಪನೆಯ ಸ್ವಾತಂತ್ರ್ಯವೆಂದು ಸಮರ್ಥಿಸುವವರುಂಟು. ಆ ವಾದವು ಸಲ್ಲದು. ಶಕ್ತಿಯಿರುವಲ್ಲಿ ಅದರ ಒಡೆತನದ ಪ್ರಶ್ನೆಯೂ ಇದ್ದೇ ತೀರುವುದಷ್ಟೆ.

1991ರ ‘ಡಾರ್ಕ್ ಸನ್’ ಲೋಕದಲ್ಲಿ ಮಂತ್ರವು ಸಸ್ಯಗಳ ಜೀವವನ್ನು ಹೀರಿ ನೆಲವನ್ನು ಮರುಭೂಮಿಯಾಗಿಸಿತು. ಕೀತ್ ಬೇಕರರು ಕಲ್ಪಿಸಿದ, 2004ರಲ್ಲಿ ಪ್ರಕಟವಾದ ‘ಎಬೆರಾನ್’ ಲೋಕದಲ್ಲಿ ಅದೇ ಮಂತ್ರವು ರೈಲನ್ನೋಡಿಸಿತು, ಬೀದಿಗೆ ದೀಪವನ್ನಿಟ್ಟಿತು. ಆದರೆ ಚಿಕಿತ್ಸೆ, ಸಾರಿಗೆಗಳು ಕೆಲವೇ ಮನೆತನಗಳ ಕೈಸೇರಿದುವು. ಮದ್ದಿರುವಲ್ಲಿಯೂ ಬಡವನು ಸಾಯುವುದಾದರೆ ವಿಧಿಯನ್ನು ದೂರಿ ಫಲವೇನು? ಈ ಪ್ರಶ್ನೆಯನ್ನು ಮುಚ್ಚಿಡುವ ಲೋಕಕರ್ತನು ಆಟಗಾರರ ವಿವೇಕವನ್ನೇ ಕೀಳಾಗಿ ಎಣಿಸಿದಂತಾಯಿತು.