ಇಂಜಿನಿಯರರಿಗೂ ಮುಯ್ಯಾಳು ಬೇಕು

ಬಿತ್ತಿಗೆಯ ಹದ ಬಂದಾಗ ನೆರೆಯವನ ಎತ್ತನ್ನೂ ಆಳನ್ನೂ ಕರೆತಂದು, ಮುಂದೆ ಅವನ ಹೊಲಕ್ಕೆ ತನ್ನವನ್ನು ಕಳಿಸಿ ಮುಯ್ಯಿ ತೀರಿಸುವ ಪದ್ಧತಿಯು ಬಾಗಲಕೋಟೆ ಸೀಮೆಯ ಗೌಡರಿಗೂ ಜಮೀನುದಾರರಿಗೂ ಹೊಸದಾಗಿ ಹೇಳತಕ್ಕದ್ದಲ್ಲ. ಆದರೆ ಇಂದಿನ ಒಕ್ಕಲುತನವು ಯಾರ ಕೈಗೆಲಸವನ್ನು ನಂಬಿ ನಡೆದಿರುವದೋ ಆ ಸಣ್ಣ ಕಾರಖಾನೆಗಳ ಇಂಜಿನಿಯರರಲ್ಲಿ ಈ ಮುಯ್ಯಿಯು ಬಹುಮಟ್ಟಿಗೆ ಕಾಣಬರುವದಿಲ್ಲ. ಇದು ಅವರೊಬ್ಬರ ಕೊರತೆಯಲ್ಲ. ಒಕ್ಕಲಿಗನ ಹಾನಿಯೂ ಅಹುದು.

ಹಿಂದೆ ರಂಟೆ, ಕುಂಟೆ, ಕೂರಿಗೆಗಳನ್ನು ಊರ ಬಡಿಗನೂ ಕಮ್ಮಾರನೂ ನೋಡಿಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದಲೇ ಅವರಿಗೆ ಆಯ ಸಲ್ಲುತ್ತಿದ್ದುದರಿಂದ ಕೆಲಸವಿಲ್ಲದ ತಿಂಗಳಲ್ಲಿಯೂ ಅವರ ಒಲೆ ಆರುತ್ತಿರಲಿಲ್ಲ. ಈಗ ಟ್ರ್ಯಾಕ್ಟರಿನ ಕೂರಿಗೆ, ಕೊಳವೆ ಬಾವಿಯ ಪಂಪು, ಹನಿ ನೀರಾವರಿಯ ಕೊಳವೆಗಳು ಬಂದಿರುತ್ತವೆ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಿಂದ ತರುಣರನ್ನು ಸಿದ್ಧಗೊಳಿಸುತ್ತಲಿದೆ. ಕಲಿತವರಲ್ಲಿ ಅನೇಕರು ಬೆಂಗಳೂರು, ಪುಣೆಗಳ ದಾರಿ ಹಿಡಿಯುವರು. ಕೆಲವರು ಮಾತ್ರ ಬಾಗಲಕೋಟೆ, ಬಾದಾಮಿ, ಹುನಗುಂದಗಳಲ್ಲಿ ಒಕ್ಕಲುತನದ ಸಲಕರಣೆಗಳ ಅಂಗಡಿಯನ್ನೋ, ಇಳಕಲ್ಲಿನಲ್ಲಿ ಕೆಂಪು ಗ್ರಾನೈಟು ಕೊಯ್ದು ಮೆರುಗು ಕೊಡುವ ಯಂತ್ರಗಳ ದುರಸ್ತಿಯನ್ನೋ ನಂಬಿ ನಿಲ್ಲುವರು. ಇವರಿಗೆ ಆಯವೂ ಇಲ್ಲ, ಸಂಬಳವೂ ಇಲ್ಲ.

ಇಂಥವನು ನಕ್ಷೆ ತೆಗೆಯಬೇಕು, ಉಕ್ಕು ಕೊಳ್ಳಬೇಕು, ಜಿಎಸ್‌ಟಿಯ ಲೆಕ್ಕ ಬರೆಯಬೇಕು, ಬಾಕಿ ವಸೂಲಿಗೆ ತಿರುಗಬೇಕು. ಹಿಂಗಾರಿ ಜೋಳದ ಬಿತ್ತಿಗೆಯ ವಾರದಲ್ಲಿಯೇ ಅವನ ಲೇಥ್ ಕೆಟ್ಟರೆ ಅಥವಾ ಅವನೇ ಜ್ವರದಿಂದ ಮಲಗಿದರೆ, ಹತ್ತು ಹೊಲಗಳ ಕೂರಿಗೆಗಳು ಅವನ ಅಂಗಳದಲ್ಲಿ ನಿಲ್ಲುವವು. ಎರೆಯ ಮೇಲ್ಪದರಿನ ಹಸಿಯಾದರೋ ಯಾರಿಗಾಗಿಯೂ ಕಾಯುವದಿಲ್ಲ. ಆಗ ನೆರೆಯೂರಿನ ಜೊತೆಗಾರನ ಲೇಥ್ ಒಂದು ದಿನ ದೊರೆತರೆ ಸಾಕು. ಒಬ್ಬನಲ್ಲಿಲ್ಲದ ಬೇರಿಂಗು ಇನ್ನೊಬ್ಬನ ಕಪಾಟಿನಲ್ಲಿರುವದು. ಒಬ್ಬನಿಗೆ ಮಿಕ್ಕ ಕೆಲಸವು ಇನ್ನೊಬ್ಬನಿಗೆ ಊಟವಾಗುವದು. ಐವರು ಕೂಡಿ ಉಕ್ಕಿನ ಹಾಳೆ ತರಿಸಿದರೆ ಸಾಗಾಣಿಕೆಯ ವೆಚ್ಚವು ಹಂಚಿಹೋಗುವದು. ಇವೆಲ್ಲಕ್ಕೂ ಮಿಗಿಲಾದುದು, ಯಾವ ಕೆಲಸಕ್ಕೆ ಎಷ್ಟು ಬೆಲೆ ಹೇಳಬೇಕು, ಯಾವ ಸಾಲ ಎತ್ತಬಾರದು ಎಂಬುದನ್ನು ಮುಚ್ಚುಮರೆಯಿಲ್ಲದೆ ಕೇಳಲು ಸಮಾನನೊಬ್ಬನಿರುವದು. ಗಿರಾಕಿಯ ಮುಂದೆ ಇದನ್ನು ಕೇಳಲಾಗದು. ಮನೆಯವರಿಗೆ ಇದು ತಿಳಿಯದು.

ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂದೆ ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುವದೆಂದು ಒಕ್ಕಲಿಗರು ಹಿಂಜರಿದರು. ಬೆಳಗಾವಿಯಲ್ಲಿದ್ದ ಜಾಗವು ತಪ್ಪಿದಾಗ ಔಂಧ ಸಂಸ್ಥಾನದ ಅರಸರು ಭೂಮಿಯನ್ನೂ ಸಾಲವನ್ನೂ ಕೊಟ್ಟುದರಿಂದ 1910ರಲ್ಲಿ ಕಿರ್ಲೋಸ್ಕರವಾಡಿಯು ನೆಲೆಗೊಂಡಿತು. ಎಲ್ಲರಿಗೂ ಅರಸರು ದೊರೆಯುವರೆ? ದೊರೆಯದವರಿಗೆ ಜೊತೆಗಾರರೇ ಗತಿ. ಸಣ್ಣ ಕೈಗಾರಿಕೆಯವರ ಸಂಘವು ಬೆಂಗಳೂರಿನಲ್ಲಿ 1949ರಷ್ಟು ಹಿಂದೆಯೇ ಹುಟ್ಟಿದೆ. ಆದರೆ ಹುನಗುಂದದಲ್ಲಿ ನಿಂತ ಪಂಪಿಗೆ ಬೆಂಗಳೂರು ಬಲು ದೂರ.

ಇನ್ನು ಹಣದ ಮಾತು. 2006ರ ಸಣ್ಣ ಉದ್ದಿಮೆಗಳ ಕಾಯಿದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ದಿಮೆಗಾರನಿಗೆ ಕೊಡತಕ್ಕ ಹಣವನ್ನು ಹೆಚ್ಚೆಂದರೆ 45 ದಿವಸಗಳೊಳಗೆ ಸಲ್ಲಿಸಬೇಕು, ತಪ್ಪಿದರೆ ಚಕ್ರಬಡ್ಡಿಯುಂಟು. ಆದರೆ ತನ್ನೂರಿನ ದೊಡ್ಡ ಗಿರಾಕಿಯ ಮೇಲೆ ಒಬ್ಬಂಟಿಗನು ಅರ್ಜಿ ಹಾಕುವನೆ? ಹಾಕಿದರೆ ಮರುವರುಷ ಆ ಗಿರಾಕಿ ಇರುವದಿಲ್ಲ. ಸುಗ್ಗಿಗೆ ಕೊಡುವೆನೆಂದವರು ಸುಗ್ಗಿ ಕಳೆದು ಮದುವೆಯ ಖರ್ಚನ್ನು ಮುಂದೆ ಮಾಡುವದೂ, ಇಬ್ಬರು ಇಂಜಿನಿಯರರನ್ನು ಎದುರುಬದುರು ನಿಲ್ಲಿಸಿ ದರ ಇಳಿಸಿಕೊಳ್ಳುವದೂ ಜಾಣತನವೆನಿಸಿಕೊಂಡಿದೆ. ಹೀಗೆ ಇಳಿದ ದರದಲ್ಲಿ ತೆಳುವಾದ ಹಾಳೆಯ ಕೂರಿಗೆಯೇ ದೊರೆಯುವದು. ಇಬ್ಬರಲ್ಲೊಬ್ಬನು ಅಂಗಡಿ ಮುಚ್ಚಿ ಪುಣೆಗೆ ಹೋಗುವನು.

ಇಂಜಿನಿಯರರು ಕೂಡಿದರೆ ದರವನ್ನೇ ಏರಿಸಿಯಾರೆಂಬ ಸಂಶಯವು ಜಮೀನುದಾರರಲ್ಲಿ ಹುಟ್ಟುವದು ಸಹಜ. ಅದು ಪೂರಾ ನಿರಾಧಾರವೂ ಅಲ್ಲ. ಆದಕಾರಣ ದರ ಕಟ್ಟುವ ಮಾತು ಕೂಟದಲ್ಲಿ ಬರಕೂಡದು. ಪ್ರತಿಯೊಬ್ಬನೂ ತನ್ನ ದರವನ್ನು ತಾನೇ ಹೇಳತಕ್ಕದ್ದು. ಪದವೀಧರರಿಗೂ ಒಂದು ಮಾತು ಸಲ್ಲುವದು: ಕೈಯಿಂದಲೇ ಕಲಿತ ಲೇಥಿನವನನ್ನು ಚಾಪೆಯಿಂದ ಹೊರಗಿಟ್ಟರೆ ಕೂಟದ ಅರ್ಧ ವಿದ್ಯೆ ಹೊರಗುಳಿಯುವದು.

ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘವನ್ನು ಕಟ್ಟಿದವರು ಸರಕಾರದ ಅಧಿಕಾರಿಗಳಲ್ಲ. ಸಿದ್ಧನಗೌಡ ಪಾಟೀಲರೆಂಬ ಊರಗೌಡರು. ಇಲ್ಲಿ ಅಷ್ಟೂ ಬೇಕಾಗಿಲ್ಲ. ತಿಂಗಳಿಗೊಮ್ಮೆ ಸಂತೆಯ ದಿನ ಸಹಕಾರಿ ಸಂಘದ ಗೋದಾಮಿನ ಕೀಲಿ ತೆಗೆಸುವದು, ಹೊಸ ಕೂರಿಗೆಯ ಪರೀಕ್ಷೆಗೆ ಒಂದು ಎಕರೆ ಬಿಟ್ಟುಕೊಡುವದು, ಹಳೆಯ ಬಾಕಿಯನ್ನು ಕೂಟಕ್ಕೆ ಮೊದಲೇ ತೀರಿಸುವದು, ಇಷ್ಟು ಗೌಡರಿಂದ ಆಗತಕ್ಕ ಕೆಲಸ. ಮೊದಲನೆಯ ಕೂಟವನ್ನು ಶ್ರಾವಣದೊಳಗೆ ಕರೆದರೆ, ಹಿಂಗಾರಿ ಬಿತ್ತಿಗೆಗೆ ಮುಂಚೆ ಯಾರ ಲೇಥ್ ಯಾವ ವಾರ ಬಿಡುವಾಗಿರುವದೆಂಬ ಪಟ್ಟಿಯಾದರೂ ಸಿದ್ಧವಾಗುವದು.