ಕಬ್ಬಿಣ ಕಡಿಮೆಯಾಗಲಿ, ಗಾಳಿ ಹೆಚ್ಚಲಿ



ಗಣಿತದ ಮೇಷ್ಟರಿಗೂ ಮೋಟಾರು ಗಾಡಿಯ ಚಕ್ರಕ್ಕೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ವೃತ್ತದ ತ್ರಿಜ್ಯ, ವ್ಯಾಸ, ಪರಿಧಿಗಳನ್ನು ಮೂವತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದವನಿಗೆ ಚಕ್ರದ ವಿಷಯದಲ್ಲಿ ಎರಡು ಮಾತನಾಡುವ ಅಧಿಕಾರ ಉಂಟೆಂದೇ ನನ್ನ ಭಾವನೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ನನ್ನ ವಾದವನ್ನು ಮೊದಲೇ ಸ್ಪಷ್ಟವಾಗಿ ಮಂಡಿಸಿಬಿಡುತ್ತೇನೆ. ಕಲ್ಲುಮಣ್ಣಿನ ದಾರಿಗೆಂದು ಕೊಂಡ ಜೀಪಿನಂಥ ಗಾಡಿಗೆ ಇಪ್ಪತ್ತು ಇಂಚಿನ ಹೊಳೆಯುವ ಅಲಾಯ್ ವೀಲ್‌ಗಳನ್ನು ತೊಡಿಸುವುದು ಶುದ್ಧ ಅವಿವೇಕ. ಕಂಪನಿಯಿಂದ ಬಂದ ರಿಮ್ಮನ್ನು ಬದಲಿಸಲೇಬೇಕೆಂದಿದ್ದರೆ, ಅದಕ್ಕಿಂತ ಚಿಕ್ಕದಕ್ಕೆ ಬದಲಿಸಿ. ಟೈರಿನ ಹೊರಸುತ್ತು ಇದ್ದಷ್ಟೇ ಇರಲಿ. ಒಳಗಿನ ಲೋಹ ಕಡಿಮೆಯಾಗಲಿ, ಗಾಳಿ ಹೆಚ್ಚಲಿ.

ಈ ಲೇಖನಕ್ಕೆ ಪ್ರೇರಣೆಯಾದ ಸಂಗತಿಯನ್ನು ನನ್ನ ತಮ್ಮನ ಮಗನ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಆತ ಬೆಂಗಳೂರಿನಲ್ಲಿ ಉದ್ಯೋಗಿ. ಮಲೆನಾಡಿನ ನಮ್ಮ ಮೂಲಮನೆಗೆ ಮಳೆಗಾಲದಲ್ಲಿಯೂ ಬಂದುಹೋಗಲು ಅನುಕೂಲವಾಗಲೆಂದೇ ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನು ಕೊಂಡ. ಅದರ ಹೆಸರು ಇಲ್ಲಿ ಬೇಡ, ತಪ್ಪು ಗಾಡಿಯದಲ್ಲ. ಕೊಂಡ ಮೂರನೆಯ ತಿಂಗಳಿಗೆ, "ಇಷ್ಟು ಗಂಭೀರವಾದ ಗಾಡಿಗೆ ಈ ಚಕ್ರ ಬಡವಾಗಿ ಕಾಣುತ್ತದೆ ಸರ್" ಎಂದು ಯಾವುದೋ ಅಂಗಡಿಯವನು ಹೇಳಿದ ಮಾತಿಗೆ ಮರುಳಾಗಿ ಇಪ್ಪತ್ತು ಇಂಚಿನ ರಿಮ್ಮುಗಳನ್ನು ಹಾಕಿಸಿಕೊಂಡು ಬಂದ. ಅಂಗಳದಲ್ಲಿ ನಿಂತ ಗಾಡಿ ಮದುವಣಿಗನಂತೆ ಶೋಭಿಸುತ್ತಿತ್ತು. ಚಂದವಾಗಿದೆಯೆಂದು ನಾನೂ ತಲೆದೂಗಿದೆ. ಆ ಪಾಪದಲ್ಲಿ ನನಗೂ ಪಾಲಿದೆ.

ಎರಡು ವರ್ಷದ ಹಿಂದಿನ ಆಷಾಢ. ರಾತ್ರಿ ಎಂಟೂವರೆಗೆ ಊಟಕ್ಕೆ ಕುಳಿತ ನನ್ನ ತಮ್ಮನ ಬಾಯಿ ಸೊಟ್ಟಗಾಯಿತು; ಬಲಗೈಯಿಂದ ತುತ್ತು ಜಾರಿತು. ಪಾರ್ಶ್ವವಾಯುವೆಂದು ತಿಳಿಯಲು ವೈದ್ಯನೇ ಆಗಬೇಕಿರಲಿಲ್ಲ. ಮಗ ಮನೆಯಲ್ಲೇ ಇದ್ದ, ಗಾಡಿ ಅಂಗಳದಲ್ಲೇ ಇತ್ತು. ದೇವರು ದೊಡ್ಡವನೆಂದುಕೊಂಡು ಒಂಬತ್ತಕ್ಕೆಲ್ಲ ಹೊರಟೆವು. ಮನೆಯಿಂದ ಡಾಂಬರು ರಸ್ತೆಗೆ ಎರಡು ಮೈಲಿ ಮಣ್ಣಿನ ದಾರಿ. ಮಳೆಗೆ ದಾರಿಯೇ ಹಳ್ಳವಾಗಿತ್ತು. ಮೋರಿಯ ಅಂಚಿನ ಕಲ್ಲು ನೀರೊಳಗೆ ಕಾಣಲಿಲ್ಲ. ಎಡಗಡೆಯ ಮುಂದಿನ ಚಕ್ರ ಅದಕ್ಕೆ ಬಡಿಯಿತು, ಹಿಂದೆಯೇ ಹಿಂದಿನ ಚಕ್ರವೂ ಬಡಿಯಿತು. ಎರಡು ಟೈರುಗಳ ಪಕ್ಕೆ ಹರಿದವು. ಒಂದು ರಿಮ್ಮಿನ ಅಂಚು ಬಿಸ್ಕತ್ತಿನಂತೆ ಮುರಿದಿತ್ತು. ಇದ್ದದ್ದು ಒಂದೇ ಸ್ಟೆಪ್ನಿ. ಮೊಬೈಲಿಗೆ ಸಿಗ್ನಲ್ ಇಲ್ಲ. ಹುಡುಗ ಮಳೆಯಲ್ಲಿ ಓಡಿ, ಗುಡ್ಡದಾಚೆಯ ನೆರೆಯವರನ್ನು ಎಬ್ಬಿಸಿ, ಅವರ ಹಳೆಯ ಜೀಪನ್ನು ತರುವಷ್ಟರಲ್ಲಿ ಹನ್ನೊಂದು ಸಮೀಪಿಸಿತ್ತು. ಹದಿನಾರು ಇಂಚಿನ ಕಬ್ಬಿಣದ ರಿಮ್ಮು, ಸಪೂರ ಟೈರುಗಳ ಆ ಮುದಿ ಜೀಪು ಅದೇ ಮೋರಿಯನ್ನು, ಅದೇ ಕಲ್ಲನ್ನು ದಾಟಿ ನಮ್ಮನ್ನು ಹೊತ್ತೊಯ್ದಿತು.

ಶಿವಮೊಗ್ಗ ಮುಟ್ಟಿದಾಗ ರಾತ್ರಿ ಒಂದೂಕಾಲು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮಗೆ ಆ ಅವಧಿ ಮೀರಿತ್ತು. ಸಕಾಲಕ್ಕೆ ಕೊಟ್ಟಿದ್ದರೂ ಅದು ಎಲ್ಲರಿಗೂ ಫಲಿಸುವ ಔಷಧವಲ್ಲವೆಂಬುದನ್ನು ನಾನು ಬಲ್ಲೆ. ಆದ್ದರಿಂದ ಚಕ್ರವೇ ನನ್ನ ತಮ್ಮನ ಕೈಯನ್ನು ಕಸಿಯಿತೆಂದು ಪ್ರಮಾಣ ಮಾಡಲಾರೆ. ಪ್ರಯತ್ನಿಸುವ ಅವಕಾಶವನ್ನು ಕಸಿಯಿತೆಂದು ಮಾತ್ರ ಹೇಳಬಲ್ಲೆ. ತಮ್ಮ ಬದುಕಿದ್ದಾನೆ, ಕೋಲೂರಿ ನಡೆಯುತ್ತಾನೆ, ತೋಟಕ್ಕೂ ಹೋಗುತ್ತಾನೆ. ಬಲಗೈ ಮಾತ್ರ ಸಹಿ ಹಾಕುವುದಿಲ್ಲ. ಮಗನನ್ನು ಒಂದು ದಿನವೂ ದೂಷಿಸಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಟೈರಿನ ಮೇಲೆ 245/75 ಆರ್ 16 ಎಂಬಂಥ ಅಂಕಿಗಳಿರುತ್ತವೆ. 245 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂಬುದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. 16 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಪಕ್ಕೆಯ ಎತ್ತರ 183.75 ಮಿ.ಮೀ.; ಅದರ ಎರಡರಷ್ಟಕ್ಕೆ ರಿಮ್ಮಿನ 406.4 ಮಿ.ಮೀ. ಸೇರಿಸಿದರೆ ಒಟ್ಟು ವ್ಯಾಸ ಸುಮಾರು 774 ಮಿ.ಮೀ. ಇನ್ನು 265/50 ಆರ್ 20 ಎಂಬ ಟೈರನ್ನು ತೆಗೆದುಕೊಳ್ಳಿ. ಪಕ್ಕೆ 132.5 ಮಿ.ಮೀ., ಒಟ್ಟು ವ್ಯಾಸ 773 ಮಿ.ಮೀ. ಹೊರಗಿನ ಗಾತ್ರ ಹೆಚ್ಚುಕಡಿಮೆ ಒಂದೇ. ಆದರೆ ನೆಲಕ್ಕೂ ರಿಮ್ಮಿಗೂ ನಡುವೆ ಮೊದಲನೆಯದರಲ್ಲಿ ಐದು ಸೆಂಟಿಮೀಟರಿಗೂ ಹೆಚ್ಚಿನ ಗಾಳಿ ಅಧಿಕವಾಗಿದೆ. ಮೋರಿಯ ಕಲ್ಲು ಲೋಹವನ್ನು ಮುಟ್ಟುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ಎರಡು ಇಂಚು.

1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿನ ಕುಲುಕಾಟ ತಪ್ಪಿಸಲು ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಚಕ್ರಕ್ಕೆ ಸುತ್ತಿದ. ಮಗನ ಸುಖಕ್ಕಾಗಿ ಒಬ್ಬ ತಂದೆ ಚಕ್ರಕ್ಕೆ ಸೇರಿಸಿದ ಗಾಳಿಯನ್ನು ನಾವು ಹಣ ಕೊಟ್ಟು ತೆಗೆಸಿ, ಆ ಜಾಗದಲ್ಲಿ ಲೋಹ ತುಂಬಿಸಿಕೊಳ್ಳುತ್ತಿದ್ದೇವೆ. ಇದನ್ನು ಪ್ರಗತಿಯೆನ್ನಲು ನನ್ನ ನಾಲಗೆ ಏಳದು.

"ಮೇಷ್ಟರೇ, ನಮ್ಮ ಎತ್ತಿನ ಗಾಡಿಯ ಚಕ್ರ ದೊಡ್ಡದಲ್ಲವೇ? ಹಳ್ಳದಿಣ್ಣೆಗೆ ದೊಡ್ಡ ಚಕ್ರವೇ ಒಳ್ಳೆಯದಲ್ಲವೇ?" ಎಂದು ಹಿಂದಿನ ಬೆಂಚಿನ ಜಾಣನೊಬ್ಬ ಕೇಳಿಯೇ ಕೇಳುತ್ತಾನೆ. ಪ್ರಶ್ನೆ ಸರಿ. ಒಟ್ಟು ವ್ಯಾಸ ದೊಡ್ಡದಿದ್ದಷ್ಟೂ ಚಕ್ರ ಗುಂಡಿಯಲ್ಲಿ ಬೀಳುವುದು ಕಡಿಮೆ, ಕಲ್ಲನ್ನು ಹತ್ತುವುದು ಸುಲಭ. ಆದರೆ ನಾನು ಒಟ್ಟು ವ್ಯಾಸವನ್ನು ಇಳಿಸಿರೆಂದು ಹೇಳುತ್ತಿಲ್ಲ, ರಿಮ್ಮನ್ನು ಇಳಿಸಿರೆಂದು ಹೇಳುತ್ತಿದ್ದೇನೆ. ಮರಕ್ಕೆ ಕಬ್ಬಿಣದ ಪಟ್ಟಿ ಬಡಿದ ಎತ್ತಿನ ಗಾಡಿಯಲ್ಲಿ ಕುಳಿತು ಜಾತ್ರೆಗೆ ಹೋದವರಿಗೆ, ಗಾಳಿಯಿಲ್ಲದ ದೊಡ್ಡ ಚಕ್ರದ ಸುಖವೇನೆಂಬುದನ್ನು ಸೊಂಟವೇ ಹೇಳುತ್ತದೆ.

ಎರಡನೆಯ ಆಕ್ಷೇಪ: ದೊಡ್ಡ ರಿಮ್ಮಿನಿಂದ ಗಾಡಿ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆಯಂತೆ. ನುಣುಪಾದ ಹೆದ್ದಾರಿಯಲ್ಲಿ, ವೇಗದ ತಿರುವಿನಲ್ಲಿ ಇದು ನಿಜ. ಗಿಡ್ಡ ಪಕ್ಕೆಯ ಟೈರು ಕಡಿಮೆ ಓಲಾಡುತ್ತದೆ. ಅದು ರೇಸಿನ ಕಾರಿನ ಗುಣ. ಕೆಸರಿನಲ್ಲಿ, ಕಲ್ಲಿನಲ್ಲಿ ಬೇಕಾದದ್ದು ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸುತ್ತಾರೆ. ಪಕ್ಕೆ ಬಾಗಿ, ನೆಲಕ್ಕೆ ತಾಗುವ ಭಾಗ ಉದ್ದವಾಗಿ, ಹಿಡಿತ ಹೆಚ್ಚುತ್ತದೆ. ಬಾಗಲು ಪಕ್ಕೆಯೇ ಇಲ್ಲದ ಟೈರಿನಲ್ಲಿ ಗಾಳಿ ಇಳಿಸಿದರೆ ರಿಮ್ಮು ನೆಲಕ್ಕೆ ಬಡಿಯುತ್ತದೆ. (ಗಾಳಿ ಇಳಿಸಿದವರು ಡಾಂಬರು ಸೇರಿದೊಡನೆ ತುಂಬಿಸಲು ಮರೆಯಬಾರದು, ಇಲ್ಲವಾದರೆ ಟೈರು ಕಾದು ಹಾಳಾಗುತ್ತದೆ.)

ನಿದರ್ಶನಗಳು ಕಣ್ಣೆದುರಿಗೇ ಇವೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪು ಓಡಿದ್ದು ಹದಿನಾರು ಇಂಚಿನ ರಿಮ್ಮಿನ ಮೇಲೆ. 2023ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಗೆ ಅದರ ತಯಾರಕರು ಕೊಟ್ಟದ್ದು ಹದಿನೈದು ಇಂಚು. 2020ರಲ್ಲಿ ಹೊಸ ರೂಪದ ಮಹೀಂದ್ರ ಥಾರ್ ಬಂದಾಗ ಮೇಲ್ದರ್ಜೆಯ ಎಲ್‌ಎಕ್ಸ್ ಮಾದರಿಗೆ 255/65 ಆರ್ 18 ಟೈರು, ಅಗ್ಗದ ಎಎಕ್ಸ್ ಮಾದರಿಗೆ ನಾನು ಮೇಲೆ ಹೇಳಿದ 245/75 ಆರ್ 16 ಟೈರು ಇದ್ದವು. ಹೆಚ್ಚು ದುಡ್ಡು ಕೊಟ್ಟವನಿಗೆ ಪಕ್ಕೆ ಹದಿನೆಂಟು ಮಿಲಿಮೀಟರು ಕಡಿಮೆ! ಇದೇ ನಮ್ಮ ಕಾಲದ ವೈಚಿತ್ರ್ಯ.

ಹಾಗೆಂದು ಕಂಡ ಕಂಡ ಚಿಕ್ಕ ರಿಮ್ಮನ್ನು ತಂದು ಸಿಕ್ಕಿಸಲಾಗದು. ದೊಡ್ಡದರ ಮೋಹ ಎಷ್ಟು ಕೆಟ್ಟದ್ದೋ ಚಿಕ್ಕದರ ಅಜ್ಞಾನವೂ ಅಷ್ಟೇ ಕೆಟ್ಟದ್ದು. ಆದಕಾರಣ ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಆಕಳಿಸಬೇಡಿ.

ಮೊದಲನೆಯದು, ಬ್ರೇಕು. ರಿಮ್ಮಿನೊಳಗೆ ಬ್ರೇಕಿನ ಡಿಸ್ಕೂ ಕ್ಯಾಲಿಪರೂ ಹಿಡಿಸಬೇಕು. ರಿಮ್ಮನ್ನು ಎಲ್ಲಿಯವರೆಗೆ ಇಳಿಸಬಹುದೆಂಬ ಗೆರೆಯನ್ನು ಎಳೆಯುವುದು ಅದೇ. ನಿಮ್ಮ ಗಾಡಿಯ ಅದೇ ಮಾದರಿಗೆ, ಅದೇ ಬ್ರೇಕಿಗೆ, ತಯಾರಕರೇ ಕೊಟ್ಟಿರುವ ಅತಿ ಚಿಕ್ಕ ರಿಮ್ಮು ಯಾವುದೆಂದು ವಿಚಾರಿಸಿ, ಅದಕ್ಕಿಂತ ಕೆಳಗಿಳಿಯಬೇಡಿ. ವ್ಯಾಸ ಒಂದೇ ಇದ್ದರೂ ಹೊರಗಿನ ರಿಮ್ಮುಗಳ ಒಳ ಆಕಾರ ಬೇರೆಯಿರುತ್ತದೆ. ಕ್ಯಾಲಿಪರಿನ ಮೇಲೆ ಮಕ್ಕಳು ಆಡುವ ಮೆತ್ತನೆಯ ಜೇಡಿಯ ತುಣುಕುಗಳನ್ನು ಅಂಟಿಸಿ, ರಿಮ್ಮು ಕೂರಿಸಿ, ಕೈಯಿಂದ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ನೋಡಿ. ಜೇಡಿ ಎಷ್ಟು ತೆಳ್ಳಗಾಗಿದೆಯೋ ಅಷ್ಟೇ ನಿಮಗಿರುವ ಅಂತರ. ಬ್ಯಾಲೆನ್ಸಿಗೆಂದು ಒಳಗೆ ಅಂಟಿಸುವ ತೂಕದ ತುಂಡುಗಳಿಗೂ ಅಲ್ಲಿ ಜಾಗ ಬೇಕು.

ಎರಡನೆಯದು, ಬೋಲ್ಟಿನ ವೃತ್ತ. ಇದನ್ನು ಅಂಗಡಿಯಲ್ಲಿ ಪಿಸಿಡಿ ಎನ್ನುತ್ತಾರೆ. 5×139.7 ಎಂದರೆ 139.7 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ಬೋಲ್ಟುಗಳೆಂದು ಅರ್ಥ. "ಸ್ವಲ್ಪ ವ್ಯತ್ಯಾಸ, ಪರವಾಗಿಲ್ಲ" ಎಂಬ ಮಾತು ಇಲ್ಲಿ ಸಲ್ಲದು. ನಡುವಿನ ರಂಧ್ರವೂ ಹಬ್ಬಿಗೆ ಸರಿಹೊಂದಬೇಕು. ನಟ್ಟಿನ ಬುಡದ ಆಕಾರ ರಿಮ್ಮಿನ ರಂಧ್ರದ ಆಕಾರಕ್ಕೆ ಕೂಡಬೇಕು.

ಮೂರನೆಯದು, ಆಫ್‌ಸೆಟ್. ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಮೈ ಎಷ್ಟು ದೂರವಿದೆಯೆಂಬ ಅಳತೆ ಇದು. ಅದು 10 ಮಿ.ಮೀ. ಇಳಿದರೆ ಚಕ್ರ 10 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಆಫ್‌ಸೆಟ್ ಬದಲಾಗದೆ ರಿಮ್ಮಿನ ಅಗಲ ಮಾತ್ರ ಒಂದಿಂಚು ಹೆಚ್ಚಿದರೆ ಒಳಕ್ಕೂ ಹೊರಕ್ಕೂ 12.7 ಮಿ.ಮೀ. ಚಾಚುತ್ತದೆ. ಹೆಚ್ಚು ಹೊರಚಾಚಿದ ಚಕ್ರ ಬೇರಿಂಗಿಗೆ ಹೊರೆಯಾಗುತ್ತದೆ, ಸ್ಟೀರಿಂಗನ್ನು ಎಳೆಯುತ್ತದೆ, ಮಡ್‌ಗಾರ್ಡಿಗೆ ಉಜ್ಜುತ್ತದೆ. ಚಕ್ರವನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡದೆ ಅಂಗಡಿ ಬಿಟ್ಟು ಹೊರಡಬೇಡಿ.

ನಾಲ್ಕನೆಯದು, ಹೊರೆ. ಟೈರಿನ ಪಕ್ಕೆಯ ಮೇಲೆ 100 ಎಂದಿದ್ದರೆ ಅದು ಹೊರಬಲ್ಲದ್ದು 800 ಕಿಲೋ. 112 ಎಂದಿದ್ದರೆ 1120 ಕಿಲೋ. ರಿಮ್ಮಿಗೂ ಇಂಥದೇ ಮಿತಿ ಇರುತ್ತದೆ, ಅದನ್ನು ಕೇಳಿ. ತೋರಿಸಲಾರದ ಅಂಗಡಿಯವನಿಗೆ ನಮಸ್ಕಾರ ಹೇಳಿ ಹೊರಬನ್ನಿ.

ಐದನೆಯದು, ಒಟ್ಟು ವ್ಯಾಸ. ಥಾರ್‌ನ ಹದಿನೆಂಟರ ಟೈರಿನ ವ್ಯಾಸ ಸುಮಾರು 789 ಮಿ.ಮೀ., ಹದಿನಾರರದು 774. ವ್ಯತ್ಯಾಸ ಶೇಕಡಾ ಎರಡಕ್ಕಿಂತ ಕಡಿಮೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಮೀಟರು ನೂರು ಕಿಲೋಮೀಟರು ತೋರಿಸುವಾಗ ಗಾಡಿ ಸುಮಾರು 98 ಕಿಲೋಮೀಟರು ಓಡಿರುತ್ತದೆ, ಗಾಡಿ ಏಳು ಮಿಲಿಮೀಟರಿನಷ್ಟು ತಗ್ಗುತ್ತದೆ. ಇದು ಸಹ್ಯ. ರಿಮ್ಮಿನೊಂದಿಗೆ ಟೈರನ್ನೂ ಕುಗ್ಗಿಸಿದರೆ ಮಾತ್ರ ಗಾಡಿಯ ಹೊಟ್ಟೆ ಕಲ್ಲಿಗೆ ತಾಗುತ್ತದೆ. ಮೂಗು ಕೊಯ್ದು ಮೂಗುತಿ ತೊಟ್ಟಂತಾಗುತ್ತದೆ.

ಕಾನೂನನ್ನೂ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಒತ್ತಿ ಹೇಳಿತು. ತಯಾರಕರೇ ಅದೇ ಮಾದರಿಗೆ ಕೊಟ್ಟಿರುವ ಅಳತೆಯೊಳಗೆ ಇರುವುದು ವಿವೇಕಕ್ಕೂ ಕ್ಷೇಮ, ವಿಮೆಯ ಕಾಗದಕ್ಕೂ ಕ್ಷೇಮ.

ಕೊನೆಯ ಆಕ್ಷೇಪವೇ ನಿಜವಾದದ್ದು. ಉಳಿದವೆಲ್ಲ ಅದರ ವೇಷಗಳು. "ಚಿಕ್ಕ ರಿಮ್ಮು ನೋಡಲು ಚೆನ್ನಾಗಿರುವುದಿಲ್ಲ." ಇದಕ್ಕೆ ಲೆಕ್ಕದಲ್ಲಿ ಉತ್ತರವಿಲ್ಲ. ಯಾರು ನೋಡಲು, ಎಂದು ಮಾತ್ರ ಕೇಳುತ್ತೇನೆ. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯಲ್ಲಿ ಕುಳಿತವನು ಅರ್ಧ ನಿಮಿಷ ನೋಡುತ್ತಾನೆ, ಹಸಿರು ದೀಪ ಬಂದೊಡನೆ ಮರೆಯುತ್ತಾನೆ. ಆ ಅರ್ಧ ನಿಮಿಷಕ್ಕಾಗಿ ನಿಮ್ಮ ಮನೆಯವರ ಒಂದು ರಾತ್ರಿಯನ್ನು ಒತ್ತೆಯಿಡುತ್ತೀರೇ? ಚಂದ ಬೇಡವೆಂದು ನಾನು ಹೇಳುವವನಲ್ಲ. ಆ ಮಳೆಯ ಕತ್ತಲಲ್ಲಿ, ಮಿಣುಕುವ ದೀಪ ಹೊತ್ತು ತಿರುವಿನಲ್ಲಿ ಕಾಣಿಸಿಕೊಂಡ ಮುದಿ ಜೀಪಿನಷ್ಟು ಚಂದದ ಗಾಡಿಯನ್ನು ನಾನು ಇದುವರೆಗೆ ಕಂಡಿಲ್ಲ.

ತಮ್ಮನ ಮಗ ಕಳೆದ ವಾರ ಹದಿನಾರು ಇಂಚಿನ ಕಬ್ಬಿಣದ ರಿಮ್ಮುಗಳನ್ನು ಹಾಕಿಸಿದ. "ದೊಡ್ಡಪ್ಪ, ನೀವೇ ಒಮ್ಮೆ ನೋಡಿಬಿಡಿ" ಎಂದು ಅಂಗಳಕ್ಕೆ ಕರೆದ. ಅಳತೆಪಟ್ಟಿ ಹಿಡಿದು ನಾಲ್ಕೂ ಚಕ್ರ ನೋಡಿದೆ. ನೂರು ಕಿಲೋಮೀಟರು ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸೆಂದು ಹೇಳಿದೆ. ತಮ್ಮ ಜಗಲಿಯಿಂದ ಕೋಲೂರಿಕೊಂಡು ಇಳಿದು ಬಂದು, ಎಡಗೈಯಿಂದ ಟೈರನ್ನು ತಟ್ಟಿ, "ಈಗ ಇದು ನಮ್ಮೂರಿನ ಗಾಡಿ" ಎಂದ. ಮಗ ಮುಖ ಆಚೆ ತಿರುಗಿಸಿಕೊಂಡ.

ನಿಮ್ಮಲ್ಲಿ ಅನೇಕರು ಇಂಥ ಗಾಡಿಗಳನ್ನು ಕೊಂಡಿದ್ದೀರಿ, ಸಂತೋಷ. ಈ ಭಾನುವಾರ ಹೊರಗೆ ಹೋಗಿ, ಟೈರಿನ ಮೇಲಿನ ಅಂಕಿಗಳನ್ನು ಬರೆದುಕೊಂಡು, ಮೇಲಿನ ಲೆಕ್ಕವನ್ನು ನೀವೇ ಮಾಡಿ ನೋಡಿ. ಮನೆಗೆಲಸವೆಂದೇ ತಿಳಿಯಿರಿ.

ಶುಭವಾಗಲಿ.

ನಿಮ್ಮ ಗಣಿತದ ಮೇಷ್ಟರು